ಅಗಸಿಯ ಹೊರಗಿನ ಸಕ್ಕರೆ

ನಾನು ಹಾಕುವ ಜಿಲೇಬಿ ಎಷ್ಟು ದುಂಡಗಿರುತ್ತದೆಂದರೆ, ಬಂಡಿಯ ಗಾಲಿ ಮಾಡುವ ಬಡಿಗೇರರು ಅಳತೆಗೆಂದು ಅದನ್ನೇ ಒಯ್ಯುತ್ತಾರೆ. ನನ್ನ ಬತ್ತಾಸು ಎಷ್ಟು ಹಗುರವೆಂದರೆ, ಗಾಳಿ ಬೀಸುವ ದಿನ ಅದರ ಮೇಲೆ ಕಲ್ಲು ಹೇರದಿದ್ದರೆ ಪಕ್ಕದ ಊರಿನವರು ಅಂಗಳದಲ್ಲಿ ಬಾಯಿ ತೆರೆದು ನಿಂತು ಪುಕ್ಕಟೆ ತಿಂದುಬಿಡುತ್ತಾರೆ. ಇದನ್ನು ಸುಳ್ಳು ಎನ್ನುವವರಿದ್ದಾರೆ. ಆದರೆ ಅವರೆಲ್ಲ ನನ್ನ ಬತ್ತಾಸನ್ನು ಬಾಯಲ್ಲಿಟ್ಟುಕೊಂಡೇ ಹಾಗೆನ್ನುವುದರಿಂದ ಅವರ ಮಾತು ಯಾರಿಗೂ ಸರಿಯಾಗಿ ಕೇಳಿಸುವುದಿಲ್ಲ. ಮಿಠಾಯಿ ಗುರುಪಾದಪ್ಪ ಎಂದರೆ ನಮ್ಮೂರಿನ ಕೂಸು ತೊಟ್ಟಿಲಲ್ಲೇ ಕೈ ಚಾಚುತ್ತದೆ. ಆ ಗುರುಪಾದಪ್ಪ ನಾನೇ.

ಊರು ಎಲ್ಲಿದೆ ಎಂದು ಕೇಳಬೇಡಿ. ಹೇಳಿದರೆ ನೀವೆಲ್ಲ ಜಿಲೇಬಿಗೆಂದು ಬರುತ್ತೀರಿ, ನನ್ನ ಕೈ ಸೋಲುತ್ತದೆ. ಊರಿಗೆ ಒಂದೇ ಹೆಬ್ಬಾಗಿಲು, ಅದನ್ನು ನಾವು ಅಗಸಿ ಎನ್ನುತ್ತೇವೆ. ಅಗಸಿಯ ಕಲ್ಲಿನ ಮೇಲೆ ಹಿಂದಿನವರು ಎರಡು ಮಾತು ಕೆತ್ತಿಸಿ ಹೋಗಿದ್ದಾರೆ. ಅಮಲಿನ ಪದಾರ್ಥವನ್ನು ಅಗಸಿಯ ಒಳಗೆ ಮಾರಕೂಡದು. ಅಮಲು ಹಿಡಿದವರ ಮಾತು ನ್ಯಾಯದ ಕಟ್ಟೆಯ ಮೇಲೆ ನಡೆಯಕೂಡದು. ಹೀಗಾಗಿ ಹುಲಿಗೆವ್ವನ ಸೇಂದಿ ಅಂಗಡಿ ಅಗಸಿಯ ಹೊರಗಿತ್ತು, ನನ್ನ ಮಿಠಾಯಿ ಅಂಗಡಿ ಊರ ನಡುವೆ, ನನ್ನ ಮನೆಯ ಮುಂದಿನ ಪಡಸಾಲೆಯಲ್ಲೇ ಇತ್ತು. ಒಲೆ ನನ್ನ ಅಜ್ಜ ಹಾಕಿದ್ದು. ಅಜ್ಜನ ಕಾಲದಿಂದ ಪಾಕದ ಹಬೆ ಕುಡಿದು ಕುಡಿದು ಆ ಮನೆಯ ಗೋಡೆಗಳು ಎಷ್ಟು ಸಿಹಿಯಾಗಿದ್ದವೆಂದರೆ, ಮನೆಯಲ್ಲಿ ಸಕ್ಕರೆ ತೀರಿದ ದಿನ ಗೋಡೆ ಕೆರೆದು ಹಾಲಿಗೆ ಹಾಕಿಕೊಳ್ಳಬಹುದಿತ್ತು.

ಇನ್ನು ನಮ್ಮೂರ ಇರುವೆಗಳ ಮಾತು. ಅವು ಸಕ್ಕರೆಗೆ ಮುತ್ತುವುದಿಲ್ಲ. ಮುಚ್ಚಳ ತೆಗೆದ ಡಬ್ಬಿಯನ್ನು ಅಂಗಳದಲ್ಲಿಟ್ಟು ತವರಿಗೆ ಹೋಗಿ ಬನ್ನಿ, ಒಂದು ಇರುವೆ ಮೂಸಿ ನೋಡಿದ್ದರೆ ಕೇಳಿ. ಅವು ಬರುವುದು ಮನುಷ್ಯರ ಹಿಂದೆ. ಯಾರಿಗೆ ಸಕ್ಕರೆ ಬಿಟ್ಟಿರಲು ಆಗುವುದಿಲ್ಲವೋ ಅವರ ಬೆನ್ನಿಗೆ ಸಾಲುಗಟ್ಟಿ ನಡೆಯುತ್ತವೆ. ಕಚ್ಚುವುದಿಲ್ಲ, ಮೈ ಹತ್ತುವುದಿಲ್ಲ. ನೀವು ನಿಂತರೆ ನಿಲ್ಲುತ್ತವೆ, ಹೊರಟರೆ ಹೊರಡುತ್ತವೆ. ಬೆಲ್ಲ ತಿನ್ನುವವರನ್ನು ಅವು ತಿರುಗಿಯೂ ನೋಡುವುದಿಲ್ಲ. ನಾವು ಅದನ್ನು ಇರುವೆ ಎಂದು ಬಾಯಿಬಿಟ್ಟು ಹೇಳದೆ ಮರ್ಯಾದೆಗೆ ಮೆರವಣಿಗೆ ಎನ್ನುತ್ತೇವೆ. ನೆಂಟರು ಬಂದರೆ, "ಬರ್ರಿ ಬರ್ರಿ, ಮೆರವಣಿಗಿ ಹೊರಗ ಬಿಟ್ಟು ಒಳಗ ಬರ್ರಿ" ಎಂದು ಕಾಲಿಗೆ ನೀರು ಕೊಡುತ್ತೇವೆ. ಮಂಚದ ಕಾಲುಗಳಿಗೆ ನೀರಿನ ಬಟ್ಟಲು ಇಡುತ್ತೇವೆ. ಹೊಸ್ತಿಲಿಗೆ ಅರಿಶಿನದ ಗೆರೆ ಎಳೆಯುತ್ತೇವೆ. ಚಪ್ಪಲಿ ಹೊಲಿಯುವವರು ಅಟ್ಟೆಗಳ ನಡುವೆ ಅರಿಶಿನ ತುಂಬಿ ಹೊಲಿಯುತ್ತಾರೆ. ಹೆಣ್ಣು ನೋಡಲು ಬಂದ ಗಂಡನ್ನು ಬಾವಿಯ ತನಕ ನಡೆದು ಬಾರಪ್ಪಾ ಎಂದು ಕಳಿಸಿ, ಹಿರಿಯರು ಅವನ ಮುಖ ಬಿಟ್ಟು ಹಿಮ್ಮಡಿ ನೋಡುತ್ತಾರೆ.

ಹುಟ್ಟಿದಾಗಿನಿಂದ ಮೊಣಕೈ ತನಕ ಸಕ್ಕರೆಯಲ್ಲಿದ್ದ ನನ್ನ ಹಿಂದೆ ಮಾತ್ರ ಒಂದೇ ಒಂದು ಇರುವೆ ಬಂದಿರಲಿಲ್ಲ. ನನ್ನನ್ನು ಕಂಡರೆ ಅವು ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಿದ್ದವು. ಇದು ಇರುವೆಗಳಿಗೆ ನನ್ನ ಮೇಲಿರುವ ಗೌರವ ಎಂದು ನಾನು ತಿಳಿದಿದ್ದೆ, ಊರಿಗೂ ತಿಳಿಸಿದ್ದೆ. ನಾನೇನು ಸಕ್ಕರೆ ತಿನ್ನುವವನಲ್ಲ. ಪಾಕ ಹದಕ್ಕೆ ಬಂತೋ ಇಲ್ಲವೋ ಎಂದು ಹೆಬ್ಬೆರಳು ತೋರುಬೆರಳ ನಡುವೆ ಎಳೆ ತೆಗೆದು ನೋಡುವುದು, ನೋಡಿದ ಬೆರಳನ್ನು ಬಾಯಿಗಿಡುವುದು, ಇಷ್ಟೇ. ಒರೆಸಿಕೊಳ್ಳಲು ಹೆಗಲ ಮೇಲೆ ಬಟ್ಟೆ ಇರುತ್ತದೆ. ಯಾವ ಮಿಠಾಯಿಗಾರನೂ ಅದನ್ನು ಬಳಸಿದ್ದು ನಾನು ಕಂಡಿಲ್ಲ. ಅದು ತಿನ್ನುವುದಲ್ಲ, ಕೆಲಸ. ಬೆಳಗಿನಿಂದ ಸಂಜೆಯ ತನಕ ಕೆಲಸ ಇರುತ್ತಿತ್ತು.

ನನ್ನ ಹೆಂಡತಿ ಕಾಶವ್ವನ ಹಿಂದೆಯೂ ಇರುವೆ ಇರಲಿಲ್ಲ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಒಂದಿಷ್ಟು ಲಾಡು ತಿಂದದ್ದು, ಆಮೇಲೆ ಮುಟ್ಟಲಿಲ್ಲ. ಸಜ್ಜೆ ರೊಟ್ಟಿ, ಹಸಿಮೆಣಸಿನಕಾಯಿ ಚಟ್ನಿ ಇಷ್ಟಿದ್ದರೆ ಅವಳಿಗೆ ಹಬ್ಬ. "ಇಡೀ ದಿನಾ ಮೂಗಿನಾಗ ಉಂಡಿರ್ತೇನಿ, ಮತ್ತ ಬಾಯಿಗೆ ಯಾಕ?" ಎನ್ನುತ್ತಿದ್ದಳು.

ರಗಳೆ ಶುರುವಾದದ್ದು ಗೌರಿ ಹುಣ್ಣಿಮೆಯ ದಿನ. ಆವತ್ತು ನಮ್ಮಲ್ಲಿ ಹೆಣ್ಣುಮಕ್ಕಳು ಸಕ್ಕರೆ ಗೊಂಬೆಗಳ ಆರತಿ ಬೆಳಗುತ್ತಾರೆ. ಪಾಕವನ್ನು ಕಟ್ಟಿಗೆಯ ಅಚ್ಚಿಗೆ ಎರೆದು ಆನೆ, ನವಿಲು, ಒಂಟೆ ಮಾಡುತ್ತೇವೆ. ಊರ ಹಿರಿಯ ಸಂಗನಗೌಡರ ಮನೆಗೆಂದು ನಾನು ಮಾಡಿದ ಆನೆಯನ್ನು ನೋಡಿ ನಿಜವಾದ ಆನೆಯೊಂದು ಸೊಂಡಿಲೆತ್ತಿ ನಮಸ್ಕಾರ ಮಾಡಿತ್ತು. ನಮ್ಮೂರಿಗೆ ಆನೆ ಬಂದೇ ಇಲ್ಲ ಎನ್ನುವವರ ಮಾತು ಬಿಡಿ. ಗೌಡರ ಮನೆಯಲ್ಲಿ ಆರತಿಗೆ ಹೊತ್ತಾಯಿತೆಂದು ತಟ್ಟೆಯ ಮೇಲಿನ ವಸ್ತ್ರ ಸರಿಸಿದರೆ ನವಿಲಿದೆ, ಒಂಟೆಯಿದೆ, ಆನೆ ಇಲ್ಲ. ಅಂಗಳದಿಂದ ಪಡಸಾಲೆಗೆ, ಪಡಸಾಲೆಯಿಂದ ಒಳಕೋಣೆಗೆ ಇರುವೆಗಳ ಸಾಲು ಹೋಗಿತ್ತು. ಗೌಡರು ಸಾಲು ಹಿಡಿದು ಹೋದರು, ಅವರ ಹಿಂದೆ ನಾವೆಲ್ಲ ಹೋದೆವು. ಸಾಲು ಮಂಚದ ಕಾಲಿನ ನೀರ ಬಟ್ಟಲ ಹತ್ತಿರ ನಿಂತಿತ್ತು. ಮಂಚದ ಮೇಲೆ ಗೌಡರ ತಾಯಿ ದೊಡ್ಡವ್ವ ಗದ್ದದ ತನಕ ಕೌದಿ ಹೊದ್ದು ಮಲಗಿದ್ದಳು.

"ಅವ್ವಾ, ಬಾಯಿ ತಗಿ," ಎಂದರು ಗೌಡರು.

ದೊಡ್ಡವ್ವ ಇಲ್ಲವೆಂದು ತಲೆಯಾಡಿಸಿದಳು. ತುಟಿಯ ಮೂಲೆಯಿಂದ ಸೊಂಡಿಲಿನ ತುದಿ ಹೊರಗಿತ್ತು.

"ಅವ್ವಾ."

"ಆನಿ ತಾನ ಬಂತಪ್ಪಾ," ಎಂದಳು ದೊಡ್ಡವ್ವ ಸೊಂಡಿಲನ್ನು ಒಳಗೆಳೆದುಕೊಂಡು. "ನಾ ಕರೀಲಿಲ್ಲ."

ನಾವೆಲ್ಲ ನಕ್ಕೆವು. ಗೌಡರು ನಗಲಿಲ್ಲ. ದೊಡ್ಡವ್ವನಿಗೆ ಸಕ್ಕರೆ ಕಾಯಿಲೆ, ಕಾಲ್ಬೆರಳಿನ ಹುಣ್ಣು ಮಾಯುತ್ತಿಲ್ಲ, ಇನ್ನೂ ಸಿಹಿ ತಿಂದರೆ ಕಾಲು ಉಳಿಯುವುದಿಲ್ಲ ಎಂದು ಪಂಡಿತ ವಿರೂಪಾಕ್ಷಯ್ಯನವರು ಹೇಳಿಹೋಗಿದ್ದರಂತೆ. ಗೌಡರು ಅದನ್ನೇ ಮತ್ತೆ ಹೇಳಿದರು. ದೊಡ್ಡವ್ವ ಅಳುತ್ತಾ, ಸೀರೆಯ ಸೆರಗಿನಿಂದ ಬಾಯೊರೆಸಿಕೊಳ್ಳುತ್ತಾ, "ಕಾಲು ಹೋದ್ರ ಹೋಗ್ಲಿ, ಬಾಯಿ ಇರ್ತದಲ್ಲ" ಎಂದಳು.

ಮರುದಿನ ಅಗಸಿಯ ಪಕ್ಕದ ಬೇವಿನ ಮರದಡಿ ನ್ಯಾಯದ ಕಟ್ಟೆ ಸೇರಿತು. ಪಂಡಿತರು ಒಂದು ತಟ್ಟೆಯಲ್ಲಿ ಕಬ್ಬಿನ ತುಂಡು, ಬೆಲ್ಲದ ಚೂರು, ಒಂದು ಹಿಡಿ ಸಕ್ಕರೆ ಇಟ್ಟುಕೊಂಡು ಬಂದಿದ್ದರು. ನಮ್ಮ ಪಂಡಿತರು ನಾಡಿ ಹಿಡಿದರೆ ಮುಂದಿನ ಜನ್ಮದ ಜ್ವರವೂ ಗೊತ್ತಾಗುತ್ತದೆ, ಆದರೆ ನಗುವುದು ಗೊತ್ತಿಲ್ಲ.

"ಗುರುಪಾದಪ್ಪಾ, ಕಬ್ಬು ಎಷ್ಟು ತಿಂತಿ?" ಎಂದರು.

"ದವಡಿ ನೋಯೂತನಕ."

"ಬೆಲ್ಲಾ?"

"ಒಂದು ಹರಳು. ಹೆಚ್ಚಾದ್ರ ಮುಖ ಕಟ್ತದ."

"ಇದು?" ಎಂದು ಸಕ್ಕರೆ ತೋರಿಸಿದರು. ಆಮೇಲೆ ಅವರೇ ಹೇಳಿದರು, "ಇದಕ್ಕ ಸಾಕು ಅನ್ನೂದು ಇಲ್ಲ. ಇಪ್ಪಿ ಹೂವಾ ಆಡು ತಿಂತದ, ಏನೂ ಆಗೂದಿಲ್ಲ. ಅದ ಹೂವಾ ಕೊಳಸಿ ಬಟ್ಟಿ ಇಳಿಸಿದ್ರ ಸರಾಯಿ. ಕಬ್ಬಿಂದೂ ಹಂಗ. ನಾರು ತಗದ್ರಿ, ಬಣ್ಣಾ ತಗದ್ರಿ, ವಾಸನಿ ತಗದ್ರಿ. ಎಲ್ಲಾ ತಗದ ಮ್ಯಾಲೆ ಉಳಿದದ್ದು ಊಟಲ್ಲ, ಅಮಲು. ಇದರ ಜಾಗಾ ಅಗಸಿ ಹೊರಗ."

ಜನ ನನ್ನ ಕಡೆ ನೋಡಿದರು. ಅಂಗಡಿ ಹೊರಗೆ ಹೋಗುವುದೆಂದರೆ ಅಜ್ಜನ ಒಲೆ ಒಡೆಯುವುದು, ಮನೆ ಬಿಟ್ಟು ಸೇಂದಿ ಅಂಗಡಿಯ ಪಕ್ಕ ಗುಡಿಸಲು ಹಾಕಿಕೊಂಡು ಕೂರುವುದು. ಎದ್ದು ನಿಂತೆ. ನಾನು ಕಟ್ಟೆಯ ಮೇಲೆ ಎದ್ದು ನಿಂತರೆ ಬೇವಿನ ಮರವೂ ಎಲೆ ಅಲುಗಿಸುವುದಿಲ್ಲ.

"ಪಂಡಿತರ, ಸೇಂದಿ ಕುಡದಾವ ಗಟಾರದಾಗ ಬೀಳ್ತಾನ. ನನ್ನ ಲಾಡು ತಿಂದು ಗಟಾರದಾಗ ಬಿದ್ದಾವನ್ನ ಒಬ್ಬನ್ನ ತೋರಸ್ರಿ. ಹೆಂಡ್ತಿಗೆ ಹೊಡದಾವನ್ನ ತೋರಸ್ರಿ. ನನ್ನ ಜಿಲೇಬಿ ತಿಂದು ಹೊಡದಾಟ ಬಿಟ್ಟಾವರನ್ನ ನಾ ಬೇಕಾದಷ್ಟು ತೋರಸ್ತೇನಿ. ಬಾಯಿ ತುಂಬಿದ್ರ ಬೈಯ್ಯಾಕ ಜಾಗಾ ಎಲ್ಲಿರ್ತದ?"

ಹುಲಿಗೆವ್ವ ಅಗಸಿಯ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು. ಹೊರಗಿನವಳಾದ್ದರಿಂದ ಕಟ್ಟೆಯಲ್ಲಿ ಅವಳ ಮಾತಿಗೆ ಬೆಲೆ ಇರಲಿಲ್ಲ. ಬೆಲೆ ಇಲ್ಲದ ಮಾತನ್ನು ಅವಳು ಧಾರಾಳವಾಗಿ ಆಡುತ್ತಿದ್ದಳು. ಅಲ್ಲಿಂದಲೇ ಕೂಗಿದಳು:

"ಯಣ್ಣಾ, ನನ್ನ ಅಂಗಡಿಗೆ ಮಂದಿ ಮೀಸಿ ಬಂದ ಮ್ಯಾಲೆ ಬರ್ತಾರ. ನಿನ್ನ ಅಂಗಡಿಗೆ ಹಲ್ಲು ಬರೂಕಿಂತ ಮೊದಲ ಬರ್ತಾರ."

ಕಟ್ಟೆಗೆ ಕಟ್ಟೆಯೇ ನಕ್ಕಿತು. ಆ ನಗುವನ್ನು ಅಡಗಿಸಬೇಕಾಗಿತ್ತು. ನನ್ನ ಕೊನೆಯ ಮಾತನ್ನು ಹೊರಗೆಳೆದೆ.

"ಸಕ್ಕರಿ ಅಮಲಾಗಿದ್ರ ಊರಾಗ ಮೊದಲು ಯಾರಿಗೆ ಹಿಡೀಬೇಕಿತ್ತು? ನನಗ. ನೋಡ್ರಿ, ಎಲ್ಲಾರೂ ನೋಡ್ರಿ," ಎಂದು ಧೋತರ ಮೇಲೆತ್ತಿ ಕಟ್ಟೆಯ ಸುತ್ತ ಒಂದು ಸುತ್ತು ಬಂದೆ. "ಒಂದು ಇರಿವಿ ತೋರಸ್ರಿ!"

ಒಂದೂ ಇರಲಿಲ್ಲ. ಪಂಡಿತರು ಬಗ್ಗಿ ನೋಡಿದರು, ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ಇದು ವಿಚಿತ್ರ ಐತಿ," ಎಂದು ಗಡ್ಡ ಕೆರೆದುಕೊಂಡರು. ಆಗ ಸಂಗನಗೌಡರು ಹೇಳಿದರು: "ಹಂಗಾದ್ರ ಗುರುಪಾದ, ಅಮಾಸಿ ತನಕ ಸಕ್ಕರಿ ಬಿಡು. ಅವತ್ತೂ ನಿನ್ನ ಹಿಂದ ಇರಿವಿ ಇರಲಿಲ್ಲಂದ್ರ ಸಕ್ಕರಿ ಊಟ, ಪಂಡಿತರು ಸುಮ್ಮನಿರ್ತಾರ. ಇದ್ರ, ನಿನ್ನ ಒಲಿ ಅಗಸಿ ಹೊರಗ."

"ಅಮಾಸಿ ತನಕ ಯಾಕ್ರೀ ಗೌಡ್ರ, ಬರೂ ಜನ್ಮದ ತನಕ ಬಿಡ್ತೇನಿ!" ಎಂದೆ.

ತೆರೆದ ಅಂಗಡಿಯಲ್ಲಿ ಕೂತು ನಾಲಗೆ ಹಿಡಿದುಕೊಂಡೆ ಎಂದರೆ ನಂಬುವವರು ಯಾರು ಎಂದು ಪಂಡಿತರು ತಕರಾರು ತೆಗೆದರು. ಹಾಗಾಗಿ ಗೌಡರು ಅಂಗಡಿಗೆ ಬೀಗ ಹಾಕಿಸಿದರು. ಎಲ್ಲರೂ ಭಲೇ ಎಂದರು. ಊರಿನ ಸಕ್ಕರೆಯೆಲ್ಲ ಬರುವುದು ನನ್ನ ಅಂಗಡಿಯಿಂದಲೇ, ಈಗ ಬೀಗ ಬಿದ್ದದ್ದು ಎಲ್ಲರ ಬಾಯಿಗೆ ಎಂಬುದು ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ. ಹುಲಿಗೆವ್ವನಿಗೆ ಹೊಳೆದಿರಬೇಕು. ಅವಳು ನಗುತ್ತಲೇ ಎದ್ದು ಹೋದಳು.

ಮೊದಲ ದಿನ ನಾನು ಸಿಂಹದ ಹಾಗಿದ್ದೆ. ಮರುದಿನದಿಂದ ಬೆರಳುಗಳು ನನ್ನ ಮಾತು ಕೇಳಲಿಲ್ಲ. ಹೆಬ್ಬೆರಳು ತೋರುಬೆರಳು ತಾವಾಗಿಯೇ ಕೂಡಿ ಬರೀ ಗಾಳಿಯಲ್ಲಿ ಎಳೆ ತೆಗೆದು ಬಾಯಿಗೆ ಬರುತ್ತಿದ್ದವು. ಮಜ್ಜಿಗೆಯ ಹದ ನೋಡಿದೆ, ದೀಪದ ಎಣ್ಣೆಯ ಹದ ನೋಡಿದೆ, ಗೋಡೆಗೆ ಬಡಿಯಲು ಕಲೆಸಿಟ್ಟ ಸಗಣಿಯ ಹದವನ್ನೂ ನೋಡುತ್ತಿದ್ದೆ, ಕಾಶವ್ವ ಕೈಗೆ ಹೊಡೆದಳು. ತಲೆಯೊಳಗೆ ಬಡಿಗೇರರೆಲ್ಲ ಸೇರಿ ಗಾಲಿಗೆ ಪಟ್ಟಿ ಬಡಿಯುತ್ತಿದ್ದರು. ಕಂಬ ನನ್ನ ದಾರಿಗೆ ಅಡ್ಡ ಬಂತೆಂದು ಕಂಬದ ಜೊತೆ ಮಾತು ಬಿಟ್ಟೆ. ಕಂಬವೂ ಮಾತಾಡಿಸಲಿಲ್ಲ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಹಿತ್ತಿಲಲ್ಲಿ ಅಡ್ಡಾಡುತ್ತಿದ್ದಾಗ ಬೆನ್ನ ಹಿಂದೆ ಯಾರೋ ಇದ್ದಾರೆನ್ನಿಸಿ ತಿರುಗಿದೆ. ಒಂದು ಇರುವೆ. ಪಾಪ, ದಾರಿ ತಪ್ಪಿರಬೇಕೆಂದು ಅದಕ್ಕೆ ದಾರಿ ಹೇಳಿದೆ. ಅದು ಹೋಯಿತು. ಹೋಗಿ ಬೀಗರನ್ನು, ಬಿಜ್ಜರನ್ನು, ಊರಿನ ಹಿರಿಯರನ್ನು ಕರೆದುಕೊಂಡು ಬಂತು.

ಆಮೇಲೆ ನನಗೆ ಬಂದ ಯೋಚನೆಗಳು ಇನ್ಯಾರಿಗೂ ಬರಲಾರವು. ಹಳ್ಳದಲ್ಲಿ ನಡೆದೆ. ಹಿಮ್ಮುಖವಾಗಿ ನಡೆದೆ, ನೋಡಿದವರಿಗೆ ನಾನೇ ಇರುವೆಗಳ ಬೆನ್ನು ಹತ್ತಿದ್ದೇನೆ ಎನ್ನಿಸಲಿ ಎಂದು. ತೂಗುಮಣೆಯ ಮೇಲೆ ಕಾಲು ಮಡಚಿ ಕೂತೆ. ಕೊನೆಗೆ ಬಕೀಟಿಗೆ ನೀರು ತುಂಬಿ ಅದರಲ್ಲಿ ಕಾಲಿಟ್ಟುಕೊಂಡು ಕೂರುವುದೇ ಸುಖವೆನಿಸಿತು.

"ಏನ್ರೀ ಇದು?" ಎಂದಳು ಕಾಶವ್ವ.

"ಅಂಗಾಲು ಉರೀತಾವು."

"ನಿಮ್ಮ ಅಂಗಾಲು ನೋಡಾಕ ಭಾಳ ಮಂದಿ ಬಂದಾರ ನೋಡ್ರಿ, ಬಕೀಟಿನ ಸುತ್ತ."

"ಅವು ಬಕೀಟಿಗೆ ಬಂದಾವು."

"ಬಕೀಟಿಗೆ ಸಕ್ಕರಿ ಚಟಾ ಯಾವಾಗ ಹತ್ತಿತು?"

ಅವಳು ಪಕ್ಕದಲ್ಲಿ ಕೂತು ಕಾಳು ಹಸನು ಮಾಡುತ್ತಾ ಮೆಲ್ಲಗೆ ಹೇಳಿದಳು: "ಒಪ್ಪಿಕೊಂಡು ಬಿಡ್ರಿ. ಹೋದ್ರ ಒಲಿ ಹೊರಗ ಹೋಗ್ತದ. ಮನಶಾ ಆದ್ರೂ ಒಳಗ ಬರ್ತಾನ."

"ಅಜ್ಜನ ಒಲಿ ಕಾಶೀ ಅದು! ನಾ ಜೀವ ಬಿಟ್ಟೇನು, ಒಲಿ ಬಿಡೂದಿಲ್ಲ."

"ಒಲಿ ಅಂತೀರಿ. ಬೆರಳು ಬ್ಯಾರೆ ಏನೋ ಹೇಳಾಕ್ಹತ್ತ್ಯಾವ," ಎಂದು ನನ್ನ ಕೈ ನೋಡಿದಳು. ಅದು ಗಾಳಿಯಲ್ಲಿ ಎಳೆ ತೆಗೆಯುತ್ತಿತ್ತು.

ಬಕೀಟಿನಲ್ಲಿ ಕಾಲಿಟ್ಟುಕೊಂಡವನಿಗೆ ಯೋಚನೆ ಮಾಡುವುದರ ಹೊರತು ಬೇರೆ ಕೆಲಸ ಇರುವುದಿಲ್ಲ. ಈ ಇರುವೆಗಳು ಇಷ್ಟು ವರ್ಷ ಎಲ್ಲಿದ್ದವು? ಹೊಟ್ಟೆಯಲ್ಲಿ ಸಕ್ಕರೆ ಇದ್ದಾಗ ಬಾರದವು, ಈಗ ಹೊಟ್ಟೆಯಲ್ಲಿ ಒಂದು ಹರಳಿಲ್ಲದಾಗ ಬಂದವಲ್ಲ! ಹಾಗಾದರೆ ಇವು ತಿಂದವರ ಹಿಂದೆ ಬರುತ್ತವೋ, ಸಿಗದವರ ಹಿಂದೆಯೋ? ನನ್ನ ಬೆರಳು ಬಾಯಿಗೆ ಹೋಗಿ ಬರುತ್ತಿದ್ದ ಆ ಎಲ್ಲ ವರ್ಷ ನನಗೆ ಆಸೆಯೇ ಇರಲಿಲ್ಲವೋ, ಇಲ್ಲ ಆಸೆ ಕಣ್ಣು ಬಿಡುವ ಮೊದಲೇ ಅದರ ಬಾಯಿಗೆ ಬೆರಳಿಡುತ್ತಿದ್ದೆನೋ? ಇರುವೆಗಳನ್ನೇ ಕೇಳಿದೆ. ಬಾಯಿಗೆ ಬಾಯಿ ತಾಗಿಸಿ ಏನೋ ಮಾತಾಡಿಕೊಂಡವು, ನನಗೆ ಹೇಳಲಿಲ್ಲ. ಪಂಡಿತರನ್ನು ಕೇಳಬಹುದಿತ್ತು, ಆದರೆ ಬಕೀಟು ಹೊತ್ತುಕೊಂಡು ಹೋಗಬೇಕಾಗುತ್ತಿತ್ತು.

ಆ ದಿನಗಳಲ್ಲಿ ಹೊರಗೆ ಹೋದಾಗಲೆಲ್ಲ ಊರು ಯಾಕೋ ಒದ್ದೆಯಾಗಿದೆ ಎನ್ನಿಸುತ್ತಿತ್ತು. ಹೆಂಗಸರು ಕಾರಣವಿಲ್ಲದೆ ಹಳ್ಳಕ್ಕೆ ಹೋಗಿ ನಿಲ್ಲುತ್ತಿದ್ದರು. ಗಂಡಸರು ದನದ ಮೈ ತೊಳೆಯುವ ನೆವದಲ್ಲಿ ಕೆರೆ ಬಿಟ್ಟು ಏಳುತ್ತಿರಲಿಲ್ಲ. ದನಗಳಿಗೆ ನೆಗಡಿಯಾಗಿತ್ತು. ಒಬ್ಬರ ಮುಖ ಒಬ್ಬರು ಕಚ್ಚುವ ಹಾಗೆ ನೋಡುತ್ತಿದ್ದರು. ಬಕೀಟು ಕಡ ಕೇಳಿದರೆ ಯಾರೂ ಕೊಡುತ್ತಿರಲಿಲ್ಲ. ನನ್ನ ತಲೆ ನೋವಿನಲ್ಲಿ ನಾನು ಅದನ್ನೆಲ್ಲ ಕೂಡಿಸಿ ನೋಡಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಬಕೀಟಿನಲ್ಲಿ ಒಂದು ಕಾಲಿಟ್ಟು, ಇನ್ನೊಂದು ಕಾಲಲ್ಲಿ ಕುಂಟುತ್ತಾ ಕಟ್ಟೆಗೆ ಹೋದೆ. ಹೋಗಿ ನೋಡಿದರೆ ಊರಿಗೆ ಊರೇ ನೀರಲ್ಲಿ ನಿಂತಿತ್ತು. ಕೊಡದಲ್ಲಿ, ಬುಟ್ಟಿಯಂಥ ಬೋಗುಣಿಯಲ್ಲಿ, ಕಬ್ಬಿಣದ ಕಡಾಯಿಯಲ್ಲಿ ನಿಂತಿದ್ದರು. ಗೌಡರು ತಾಮ್ರದ ಹಂಡೆಯಲ್ಲಿ ನಿಂತು ಮೀಸೆ ತಿರುವುತ್ತಿದ್ದರು. ಪಂಡಿತರು ದನ ನೀರು ಕುಡಿಯುವ ಕಲ್ಲಬಾನಿಯಲ್ಲಿ ನಿಂತು ಆಕಾಶ ನೋಡುತ್ತಿದ್ದರು.

"ಅಂಗಾಲು ಉರಿ," ಎಂದರು ಗೌಡರು.

"ಊರಾಗೆಲ್ಲಾ ಐತಿ," ಎಂದರು ಪಂಡಿತರು. "ಹವಾ ಬದ್ಲಾಗೈತಿ."

"ಏನ್ರೀ, ಇವತ್ತು ಕಟ್ಟಿ ಮ್ಯಾಲೆ ಭತ್ತದ ನಾಟಿ ಐತೇನು?" ಎಂದು ಅಗಸಿಯ ಮೆಟ್ಟಿಲಿನಿಂದ ಹುಲಿಗೆವ್ವ ಕೂಗಿದಳು.

ಗೌಡರು ಅದನ್ನು ಕೇಳಿಸಿಕೊಳ್ಳಲಿಲ್ಲ. "ಗುರುಪಾದ, ಬಕೀಟಿಂದ ಇಳಿ," ಎಂದರು.

ಆ ಗಳಿಗೆಯಲ್ಲಿ ನನ್ನ ತಲೆನೋವು ಹಾರಿಹೋಗಿ ಬುದ್ಧಿ ಕೆಲಸ ಮಾಡಿತು. "ಇಳೀತೇನ್ರೀ ಗೌಡ್ರ. ಮೊದಲು ನೋಡೂ ಮಂದಿ ಇಳೀಲಿ. ನೀರಾಗ ನಿಂತಾವ್ರು ಒಣಾ ನೆಲದ ನ್ಯಾಯಾ ಹ್ಯಾಂಗ ಹೇಳ್ತಾರ?"

ಯಾರೂ ಅಲುಗಲಿಲ್ಲ. ಆಮೇಲೆ ಗೌಡರು ಗೌಡರಾದ್ದರಿಂದ ಹಂಡೆಯಿಂದ ಇಳಿದರು. ಅವರು ಇಳಿದ ಮೇಲೆ ಉಳಿದವರು ಇಳಿಯಲೇಬೇಕಾಯಿತು. ನಾನೂ ಇಳಿದೆ. ಬೇವಿನ ಮರದಿಂದ, ಬಾವಿಯ ಗಡಗಡೆಯಿಂದ, ಮಾಡುಗಳಿಂದ, ನೆಲದ ಬಿರುಕುಗಳಿಂದ ಇರುವೆಗಳು ಬಂದವು. ಎಷ್ಟು ಬಂದವೆಂದರೆ ಕಟ್ಟೆಯ ಕೆಳಗೆ ಮಲಗಿದ್ದ ನಾಯಿ ಹೊತ್ತು ಮುಳುಗಿತೆಂದು ತಿಳಿದು ಊಳಿಟ್ಟಿತು. ಒಬ್ಬೊಬ್ಬರ ಹಿಂದೆ ಒಂದೊಂದು ಕರಿಯ ದಾರ, ಗೌಡರ ಹಿಂದೆ ಹಗ್ಗ. ಪಂಡಿತರ ಹಿಂದೆ ಬಂದದ್ದನ್ನು ನೋಡಿ ಜನ ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

ಪಂಡಿತರು ತಿರುಗಿ ತಮ್ಮ ಸಾಲನ್ನು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ನಾಚಿಕೆಗಿಂತ ಸೋಜಿಗವೇ ಹೆಚ್ಚಿತ್ತು. "ನಾ ಸಕ್ಕರಿ ತಿನ್ನೂದಿಲ್ಲ," ಎಂದರು ಸಣ್ಣ ದನಿಯಲ್ಲಿ. "ಪುಡಿ ಕಹಿ ಆತೇನು ಅಂತ ರೋಗಿಗೆ ಕೊಡೂ ಮೊದಲು ಸಕ್ಕರಿ ಕಲಸಿ ಒಂದೀಟು ನಾಲಗಿಗೆ ಇಟ್ಟು ನೋಡ್ತೇನಿ. ಅದು ಔಷಧದ ಕೆಲಸ."

"ನನ್ನದೂ ಪಾಕದ ಕೆಲಸ ಪಂಡಿತರ," ಎಂದೆ.

ಆವತ್ತು ಮೊದಲ ಸಲ ಪಂಡಿತರು ನಕ್ಕರು.

ಹುಲಿಗೆವ್ವ ಅಗಸಿಯ ಕಲ್ಲಿನ ಮೇಲೆ ಕೈಯಿಟ್ಟು ಎದ್ದಳು. "ಇಲ್ಲಿ ಏನ ಬರದದ ಓದ್ರೀ! ಅಮಲು ಹಿಡದಾವ್ರ ಮಾತು ಕಟ್ಟಿ ಮ್ಯಾಲೆ ನಡ್ಯಾಂಗಿಲ್ಲ. ಇನ್ನ ಯಾರು ಹೇಳ್ತೀರಿ ನ್ಯಾಯಾ?"

ಇದನ್ನೇ ನಾನು ಕಾಯುತ್ತಿದ್ದೆ. "ಕೇಳಿದ್ರಿ? ನ್ಯಾಯಾ ಹೇಳಾಕ ಊರಾಗ ಒಂದು ನರಪಿಳ್ಳೆ ಇಲ್ಲ. ಹೇಳಾವ್ರಿಲ್ಲ ಅಂದ್ರ ನ್ಯಾಯಾ ಇಲ್ಲ, ನ್ಯಾಯಾ ಇಲ್ಲಂದ್ರ ಬೀಗಾ ಇಲ್ಲ. ನನ್ನ ಒಲಿ ಇದ್ದಲ್ಲೇ ಇರ್ತದ!" ಎಂದು ಕಟ್ಟೆಯ ಮೇಲೆ ಕುಣಿದೆ. ಇರುವೆಗಳೂ ಹಿಂದೆ ಮುಂದೆ ಸರಿದು ಕುಣಿದವು. ಜನರ ಮುಖ ಅರಳಿತು. ಬೀಗದ ಕೈ ತರಲು ಯಾರೋ ಓಡಿಯೂ ಹೋದರು.

ಆಗ ಕಾಶವ್ವ ಬಂದಳು. ತಲೆ ಸುತ್ತಿ ಬಿದ್ದೇನೆಂದು ನನಗೆ ಮಜ್ಜಿಗೆ ತಂದಿದ್ದಳು. ಬರಿಗಾಲು, ಒಣ ಕಾಲು. ಕಟ್ಟೆಯ ಸುತ್ತ ತುಂಬಿದ ಇರುವೆಗಳು ಎರಡು ಕಡೆ ಸರಿದು ಅವಳಿಗೆ ಹಾದಿ ಬಿಟ್ಟವು. ಅವಳ ಹಿಂದೆ ಒಂದೂ ಇರಲಿಲ್ಲ.

ಗೌಡರು ಅವಳ ಹಿಮ್ಮಡಿ ನೋಡಿದರು, ಆಮೇಲೆ ಮುಖ ನೋಡಿದರು. "ಕಾಶವ್ವಾ, ಊರಾಗ ಈಗ ನೀ ಒಬ್ಬಾಕಿ ಅದಿ. ಹೇಳವಾ, ಸಕ್ಕರಿ ಊಟಾ ಏನು ಅಮಲಾ?"

ನಾನು ಎದೆಯುಬ್ಬಿಸಿ ನಿಂತೆ. ನನ್ನ ಹೆಂಡತಿ, ನನ್ನ ಮನೆ, ನನ್ನ ಒಲೆ. ದೇವರು ನನ್ನ ಕಡೆ ಇರುವುದು ಊರಿಗೆಲ್ಲ ಗೊತ್ತಿರುವ ಸಂಗತಿ.

ಕಾಶವ್ವ ಮಜ್ಜಿಗೆಯ ಚರಿಗೆಯನ್ನು ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. "ಮೊನ್ನಿ ದೊಡ್ಡವ್ವನ್ನ ಮಾತಾಡ್ಸಾಕ ಹೋಗಿದ್ನಿ," ಎಂದಳು. "ಆರತಿ ದಿನ ಉಟ್ಟಿದ್ಲಲ್ಲ, ಆ ಸೀರಿ ಇನ್ನೂ ಒಗ್ಯಾಕ ಕೊಟ್ಟಿಲ್ಲ. ಸೆರಗು ಬಾಯಾಗಿಟ್ಟು ಚೀಪ್ತಿದ್ಲು. ನನ್ನ ನೋಡಿ ನಕ್ಕು, ಗೌಡಗ ಹೇಳಬ್ಯಾಡ ಅಂದ್ಲು."

ಗೌಡರು ತಲೆ ತಗ್ಗಿಸಿದರು.

"ಇವರು ದಿನಾಲೂ ಗಾಳಿ ಒಳಗ ಎಳಿ ತಗ್ಯಾಕ್ಹತ್ತ್ಯಾರ. ನೀವು ಕೊಡದಾಗ ನಿಂತೀರಿ. ಸಕ್ಕರಿ ಇದ್ದಾಗ ಅದು ಐತಿ ಅಂತ ಒಬ್ಬರಿಗೂ ಗೊತ್ತಾಗಲಿಲ್ಲ. ಇಲ್ಲದಾಗ ಬ್ಯಾರೆ ಏನೂ ಗೊತ್ತಾಗಲಿಲ್ಲ. ಅದಕ್ಕ ಅಮಲು ಅನ್ನದ ಮತ್ತೇನಂತೀರಿ?" ನನ್ನ ಕಡೆ ತಿರುಗಿ, "ಮಜ್ಜಿಗಿ ಕುಡೀರಿ," ಎಂದಳು. ಆಮೇಲೆ ಗೌಡರಿಗೆ, "ಒಲಿ ಹೊರಗ ಹೋಗ್ಲಿ," ಎಂದು ಹೇಳಿ ಬಂದ ದಾರಿಯಲ್ಲೇ ಹೋದಳು.

ಹೀಗೆ ನನ್ನ ಅಂಗಡಿ ಅಗಸಿಯ ಹೊರಗೆ, ಹುಲಿಗೆವ್ವನ ಗೋಡೆಗೆ ಗೋಡೆ ಹಚ್ಚಿ ಬಂತು. ನಾನು ಸೋತೆ ಎಂದುಕೊಳ್ಳಬೇಡಿ. ನನ್ನ ಹಿಂದೆ ಕ್ಷೌರದವನು ಬಂದ, ಅವನ ಹಿಂದೆ ಬಳೆಗಾರ, ಚಹಾದವನು, ಹೆಣ್ಣು ನೋಡಲು ಬಂದ ಗಂಡುಗಳು. ಜನ ಹೋಗಿ ಬಂದು ಅಗಸಿಯ ಕಲ್ಲು ಎಷ್ಟು ಸವೆಯಿತೆಂದರೆ, ಮೊದಲು ಒಂದು ಬಂಡಿ ಹಾಯುತ್ತಿದ್ದಲ್ಲಿ ಈಗ ಎರಡು ಹಾಯುತ್ತವೆ. ಪಂಡಿತರೂ ಸಂಜೆ ಬರುತ್ತಾರೆ, ಔಷಧದ ಕೆಲಸಕ್ಕೆ. ದೊಡ್ಡವ್ವನ ಹುಣ್ಣು ಮಾಯುತ್ತಿದೆ. ಅಗಸಿಯ ತನಕ ನಡೆಯಲು ಅವಳಿಗೆ ಆಗುವುದಿಲ್ಲ, ಆಗದಿರಲಿ ಎಂದೇ ಗೌಡರು ಅವಳ ಕೋಲನ್ನು ಅಡಗಿಸಿಟ್ಟಿದ್ದಾರೆ. ಬೆರಳು ಮತ್ತೆ ಬಾಯಿಗೆ ಹೋಗಲು ಶುರುವಾದದ್ದೇ ನನ್ನ ಇರುವೆಗಳು ಹೇಳದೆ ಕೇಳದೆ ಹೊರಟುಹೋದವು. ಬಹಳ ಕೃತಘ್ನ ಪ್ರಾಣಿ.

ಮನೆಯಲ್ಲಿ ಕಾಶವ್ವ ಒಲೆಯ ಜಾಗದಲ್ಲಿ ಬೀಸುವ ಕಲ್ಲು ಇಟ್ಟಳು. ಗೋಡೆಗಳನ್ನೆಲ್ಲ ಕೆರೆದು ಸುಣ್ಣ ಬಳಿದಳು. ಮನೆ ಬೆಳ್ಳಗಾಯಿತು, ಸುಣ್ಣದ ವಾಸನೆಯ ಹೊರತು ಬೇರೆ ವಾಸನೆ ಉಳಿಯಲಿಲ್ಲ. "ಈಗ ಉಸಿರಾಡಾಕ ಬರ್ತದ ನೋಡ್ರಿ," ಎಂದಳು. ನಾನು ಸಿಟ್ಟಿನಿಂದ ಊಟಕ್ಕಷ್ಟೇ ಬಾಯಿ ತೆರೆಯುತ್ತಿದ್ದೆ. ಸಂಜೆ ಮನೆಗೆ ಬರುವ ಮುಂಚೆ ಮೊಣಕೈ ತನಕ ಸೀಗೆಪುಡಿ ಹಾಕಿ ಉಜ್ಜಿ ತೊಳೆದು, ಅಂಗಿ ಬದಲಿಸಿಕೊಂಡು ಬರುತ್ತಿದ್ದೆ. ನಿನ್ನ ಮನೆಗೆ ನನ್ನ ಅಮಲು ಬೇಡವಲ್ಲ, ತಗೋ ಎಂದು.

ಒಂದು ಸಂಜೆ ಕೆಲಸ ಬಹಳವಾಗಿ, ಅಂಗಿ ಬದಲಿಸದೆ, ಕೈ ತೊಳೆಯದೆ ಬಂದೆ. ಪಡಸಾಲೆಯಲ್ಲಿ ಅಂಗಿ ತೆಗೆದು ಗೂಟಕ್ಕೆ ಹಾಕಿ, ಕಾಲು ತೊಳೆಯಲು ಹಿತ್ತಿಲಿಗೆ ಹೋದೆ. ತಿರುಗಿ ಬರುವಾಗ ಹೊಸ್ತಿಲ ಮೇಲೆ ಒಂದು ಇರುವೆ ಕಂಡಿತು. ನನಗೇ ಬಂದಿದೆ ಎಂದುಕೊಂಡು ಕಾಲೆತ್ತಿದೆ. ಅದು ನನ್ನ ಕಾಲ ಕೆಳಗೆ ನುಸುಳಿ, ಅರಿಶಿನದ ಗೆರೆ ಅಳಿಸಿದ ಕಡೆ ದಾಟಿ, ಒಳಗೆ ಹೋಯಿತು. ನಾನು ಅದರ ಹಿಂದೆ ಹೋದೆ. ಕಾಶವ್ವ ಗೂಟದ ಹತ್ತಿರ ನನಗೆ ಬೆನ್ನು ಹಾಕಿ ನಿಂತಿದ್ದಳು. ಕೈಯಲ್ಲಿ ನನ್ನ ಅಂಗಿ ಇತ್ತು. ಅದನ್ನು ಮುಖಕ್ಕೆ ಒತ್ತಿಕೊಂಡಿದ್ದಳು. ಇರುವೆ ಅವಳ ಹಿಮ್ಮಡಿಯ ಹತ್ತಿರ ಹೋಗಿ ನಿಂತಿತು.

ಹೆಜ್ಜೆ ಸಪ್ಪಳಕ್ಕೆ ಅವಳು ತಿರುಗಿದಳು. ನನ್ನನ್ನು ನೋಡಿದಳು, ಕೆಳಗೆ ನೋಡಿದಳು. ಸೀರೆಯ ಅಂಚನ್ನು ಸ್ವಲ್ಪವೇ ಕೆಳಗೆ ಬಿಟ್ಟು ಇರುವೆಯನ್ನು ಮುಚ್ಚಿದಳು.

ಅಗಸಿಯ ಕಲ್ಲಿನ ಮಾತು ನನಗೆ ನೆನಪಾಯಿತು. ಅಮಲು ಹಿಡಿದವರ ಮಾತು ಕಟ್ಟೆಯ ಮೇಲೆ ನಡೆಯಕೂಡದು. ಒಂದು ಕೂಗು ಸಾಕಾಗಿತ್ತು. ನಾನು ಕೂಗಿದರೆ ಕೆರೆಯ ಆಚೆಯ ಮೊಸಳೆ ಬಾಯಿ ಮುಚ್ಚುತ್ತದೆ. ಊರು ಓಡಿ ಬರುತ್ತಿತ್ತು, ನ್ಯಾಯ ಮುರಿದುಬೀಳುತ್ತಿತ್ತು, ಅಜ್ಜನ ಒಲೆ ಮನೆಗೆ ಬರುತ್ತಿತ್ತು. ಬಾಯಿಯನ್ನೂ ತೆರೆದೆ.

"ರೊಟ್ಟಿ ಆತೇನು?" ಎಂದೆ.

"ಆತು," ಎಂದಳು. ಅಂಗಿಯನ್ನು ಗೂಟಕ್ಕೆ ಹಾಕಿದಳು. ತಟ್ಟೆ ಇಟ್ಟು ಕೇಳಿದಳು, "ಕೈ ತೊಳಕೊಂಡ್ರೇನು?"

"ತೊಳಕೊಂಡ್ನಿ," ಎಂದು ಪಾಕ ಮೆತ್ತಿದ ಕೈಯನ್ನು ತಟ್ಟೆಯ ಪಕ್ಕದಲ್ಲಿ ಊರಿ ಅವಳ ಎದುರಿಗೆ ಕೂತೆ. ಅವಳು ನೋಡಿದಳು. ರೊಟ್ಟಿ ಹಾಕಿ, ದಿನಕ್ಕಿಂತ ಹತ್ತಿರವೇ ಕೂತಳು.

ಅಂದಿನಿಂದ ನಾನು ಸಂಜೆ ಕೈ ತೊಳೆಯದೆ, ಅದೇ ಅಂಗಿಯಲ್ಲಿ ಮನೆಗೆ ಬರುತ್ತೇನೆ. ಅವಳು ದಿನವೂ ಕೈ ತೊಳಕೊಂಡ್ರೇನು ಎಂದು ಕೇಳುತ್ತಾಳೆ, ನಾನು ದಿನವೂ ತೊಳಕೊಂಡ್ನಿ ಎನ್ನುತ್ತೇನೆ. ನಮ್ಮ ಹೊಸ್ತಿಲಿಗೆ ಆಮೇಲೆ ಒಂದು ಇರುವೆಯೂ ಬಂದಿಲ್ಲ. ನೀವು ಎಂದಾದರೂ ನಮ್ಮೂರಿಗೆ ಬಂದರೆ ಇದನ್ನು ಇಲ್ಲಿ ಯಾರಿಗೂ ಹೇಳಬೇಡಿ. ಹೇಳಿದರೂ ಚಿಂತೆಯಿಲ್ಲ. ಗುರುಪಾದಪ್ಪ ಹೇಳಿದ ಎಂದರೆ ಸಾಕು, ಊರಲ್ಲಿ ಒಬ್ಬರೂ ನಂಬುವುದಿಲ್ಲ.